ಹೊಸ ಲ್ಯಾಪ್‌ಟಾಪ್ ಕೈಕೊಟ್ಟರೆ ಏನು ಮಾಡಬೇಕು? ಗಡಿ ದಾಟಿ ಕೊಂಡವರಿಗೂ ಊರಲ್ಲೇ ದೂರು ಕೊಡುವ ಹಕ್ಕಿದೆ

ಪೆದ್ದಕಡುಬೂರು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಒಂದು ಮಂಡಲ ಕೇಂದ್ರ. ಹತ್ತಿರದ ದೊಡ್ಡ ಪೇಟೆ ಆದೋನಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವವರೆಗೆ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ರಾಜ್ಯ ಬೇರೆಯಾದರೂ ಸಂಬಂಧ ಬೇರೆಯಾಗಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ಕುಟುಂಬಗಳು ಈ ಭಾಗದಲ್ಲಿ ಇವತ್ತಿಗೂ ಇವೆ. ದೊಡ್ಡ ಖರೀದಿ ಅಂದ್ರೆ ಬಳ್ಳಾರಿಗೋ ರಾಯಚೂರಿಗೋ ಹೋಗಿ ಬರುವವರೂ ಇದ್ದಾರೆ.

ಅಂಥ ಒಂದು ಮನೆಯ ಹುಡುಗ ಎಂಜಿನಿಯರಿಂಗ್ ಸೇರಿದ ಅಂತ ಇಟ್ಟುಕೊಳ್ಳೋಣ. ಅಪ್ಪ ಹತ್ತಿ ಮಾರಿದ ದುಡ್ಡಿನಲ್ಲಿ ಸ್ವಲ್ಪ ಕಟ್ಟಿ, ಉಳಿದದ್ದಕ್ಕೆ ಕಂತು ಮಾಡಿಸಿ, ಬಳ್ಳಾರಿಯಲ್ಲಿ 48,000 ರೂಪಾಯಿಯ ಲ್ಯಾಪ್‌ಟಾಪ್ ಕೊಡಿಸಿದರು. ಮೂರನೇ ದಿನ ಪರದೆಯ ಮೇಲೆ ಗೆರೆ ಬಂತು, ಐದನೇ ದಿನ ಆನ್ ಆಗುವುದೇ ನಿಂತಿತು. ಅಪ್ಪ, ಮಗ ಇಬ್ಬರೂ ಬಸ್ಸು ಹಿಡಿದು ಅಂಗಡಿಗೆ ಹೋದರು.

"ಅಣ್ಣಾ, ಇದು ಆನೇ ಆಗ್ತಿಲ್ಲ. ಬೇರೆ ಕೊಡ್ರಿ."

"ನಾವು ಮಾರೋದಷ್ಟೇ ಯಜಮಾನ್ರೇ. ರಿಪೇರಿ ಎಲ್ಲ ಕಂಪನಿದು. ಸರ್ವಿಸ್ ಸೆಂಟರಿಗೆ ಹೋಗ್ರಿ."

ಇಲ್ಲಿಗೆ ಹೆಚ್ಚಿನವರು ಸೋತು ವಾಪಸ್ ಬರುತ್ತಾರೆ. ಆದರೆ ಅಂಗಡಿಯವರು ಹೇಳಿದ್ದು ಅರ್ಧ ಸತ್ಯ ಮಾತ್ರ. ರಿಪೇರಿ ಕಂಪನಿಯದ್ದು ನಿಜ, ಆದರೆ ಹಣ ತೆಗೆದುಕೊಂಡು ಬಿಲ್ ಕೊಟ್ಟವರು ಅಂಗಡಿಯವರು. ದೋಷ ಇರುವ ವಸ್ತು ಮಾರಿದ ಮೇಲೆ ಅವರಿಗೂ ಕಾನೂನಿನ ಹೊಣೆ ಇದೆ. ಇನ್ನೊಂದು ವಿಷಯ ಗಡಿನಾಡಿನವರಿಗೆ ಬಹಳ ಮುಖ್ಯ: ಬಳ್ಳಾರಿಯಲ್ಲಿ ಕೊಂಡ ಲ್ಯಾಪ್‌ಟಾಪಿಗೆ ಪೆದ್ದಕಡುಬೂರಿನವರು ತಮ್ಮ ಜಿಲ್ಲೆಯ ಕರ್ನೂಲಿನಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕೊಂಡ ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೂ ಇದೇ ಮಾತು. ಅವರು ಕಾಸರಗೋಡಿನಲ್ಲೇ ದೂರು ಕೊಡಬಹುದು.

ದೋಷ ಬೇರೆ, ಮನಸ್ಸು ಬದಲಾಗಿದ್ದು ಬೇರೆ

ಬಣ್ಣ ಇಷ್ಟ ಆಗಲಿಲ್ಲ, ಗೆಳೆಯನದ್ದು ಇನ್ನೂ ಚೆನ್ನಾಗಿದೆ, ಪಕ್ಕದ ಅಂಗಡಿಯಲ್ಲಿ ಎರಡು ಸಾವಿರ ಕಡಿಮೆ ಇತ್ತು - ಇಂಥ ಕಾರಣಕ್ಕೆ ಅಂಗಡಿಯವರು ಬದಲಾಯಿಸಿ ಕೊಟ್ಟರೆ ಅದು ಅವರ ಒಳ್ಳೆಯತನ. ಹಕ್ಕು ಅಂತ ಕೇಳಲು ಆಗದು.

ದೋಷ ಇದ್ದರೆ ಕತೆ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗುಣಮಟ್ಟ, ಪ್ರಮಾಣ ಅಥವಾ ಮಟ್ಟದಲ್ಲಿರುವ ಯಾವುದೇ ಕೊರತೆ ದೋಷವೇ. ಆ ಮಟ್ಟ ಕಾನೂನು ಹೇಳಿದ್ದಾಗಿರಬಹುದು, ಒಪ್ಪಂದದಲ್ಲಿ ಇದ್ದದ್ದಾಗಿರಬಹುದು, ಮಾರಿದವರು ಬಾಯಲ್ಲಿ ಹೇಳಿಕೊಂಡದ್ದೂ ಆಗಿರಬಹುದು. ಹಾಗಾಗಿ ಲ್ಯಾಪ್‌ಟಾಪ್ ಆನ್ ಆಗದಿರುವುದು, ಪರದೆಯಲ್ಲಿ ಗೆರೆ, ಚಾರ್ಜ್ ನಿಲ್ಲದ ಬ್ಯಾಟರಿ, ಕೆಲಸ ಮಾಡದ ಕೀಲಿಗಳು ಮಾತ್ರ ದೋಷ ಅಲ್ಲ. 16 ಜಿಬಿ ರ್‍ಯಾಮ್ ಅಂತ ಹೇಳಿ 8 ಜಿಬಿ ಕೊಟ್ಟರೆ, ಒರಿಜಿನಲ್ ವಿಂಡೋಸ್ ಅಂತ ಹೇಳಿ ಲೈಸೆನ್ಸ್ ಇಲ್ಲದ್ದನ್ನು ಹಾಕಿ ಕೊಟ್ಟರೆ, ಹೊಸದು ಅಂತ ಹೇಳಿ ಬಳಸಿದ್ದನ್ನು ಕೊಟ್ಟರೆ ಅದೂ ಈ ಲೆಕ್ಕಕ್ಕೆ ಬರುತ್ತದೆ.

ಬಿದ್ದು ಒಡೆದದ್ದು, ನೀರು ಅಥವಾ ಚಹಾ ಚೆಲ್ಲಿದ್ದು ವಾರಂಟಿಗೆ ಬರುವುದಿಲ್ಲ. ಹಾಗೆ ಆಗಿದ್ದರೆ ಮುಚ್ಚಿಟ್ಟು ಪ್ರಯೋಜನ ಇಲ್ಲ, ಸರ್ವಿಸ್ ಸೆಂಟರಿನಲ್ಲಿ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ.

ಕಾಯ್ದೆ ಹೇಳುವುದೇನು?

ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆ 1986ರದ್ದು. ಅದರ ಜಾಗಕ್ಕೆ ಬಂದ 2019ರ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಹೊಸ ಕಾಯ್ದೆಯ ಸೆಕ್ಷನ್ 2(47) ಯಾವುದೆಲ್ಲ ಅನುಚಿತ ವ್ಯಾಪಾರ ಪದ್ಧತಿ ಅಂತ ಪಟ್ಟಿ ಮಾಡುತ್ತದೆ. ಅದರಲ್ಲಿ ಎರಡು ಸಂಗತಿ ಇಲ್ಲಿಗೆ ನೇರವಾಗಿ ಅನ್ವಯಿಸುತ್ತವೆ.

ಒಂದು, ಮಾರಿದ ಸರಕಿಗೆ ಬಿಲ್ ಕೊಡದಿರುವುದು.

ಎರಡು, ದೋಷ ಇರುವ ಸರಕನ್ನು ವಾಪಸ್ ತೆಗೆದುಕೊಂಡು ಹಣ ಹಿಂತಿರುಗಿಸಲು ನಿರಾಕರಿಸುವುದು. ಬಿಲ್ಲಿನಲ್ಲಿ ಇಂತಿಷ್ಟು ದಿನ ಅಂತ ಬರೆದಿದ್ದರೆ ಆ ಅವಧಿಯೊಳಗೆ, ಏನೂ ಬರೆದಿಲ್ಲದಿದ್ದರೆ 30 ದಿನದೊಳಗೆ.

ಅಂದ್ರೆ "ಮಾರಿದ ಸರಕನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿಸಿದ ಕೂಡಲೇ ಅಂಗಡಿಯವರ ಹೊಣೆ ಮುಗಿಯುವುದಿಲ್ಲ. ಮನಸ್ಸು ಬದಲಾಯಿಸಿದ ಗಿರಾಕಿಗೆ ಆ ಸಾಲು ತೋರಿಸಬಹುದು. ದೋಷದ ಮುಂದೆ ಅದು ನಿಲ್ಲುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಕೂಡ ಹೀಗೇ ಇದೆ. ಆ ಬಗೆಯ ಸರಕಿನ ವ್ಯಾಪಾರ ಮಾಡುವವರಿಂದ ಕೊಂಡ ವಸ್ತು ಮಾರಲು ಯೋಗ್ಯವಾದ ಗುಣಮಟ್ಟದ್ದಾಗಿರಬೇಕು ಎಂಬ ಷರತ್ತು ಬಾಯಿಬಿಟ್ಟು ಹೇಳದಿದ್ದರೂ ಇದ್ದೇ ಇರುತ್ತದೆ.

ಮೊದಲ ವಾರ ಬಹಳ ಮುಖ್ಯ

ಲ್ಯಾಪ್‌ಟಾಪ್ ವ್ಯಾಪಾರದಲ್ಲಿ ಡಿಒಎ ಅಂತ ಒಂದು ಮಾತಿದೆ. ತಂದ ಹೊಸತರಲ್ಲೇ ಸತ್ತುಹೋದ ಯಂತ್ರ ಅಂತ ಅರ್ಥ. ಹೆಚ್ಚಿನ ಕಂಪನಿಗಳು ಇದಕ್ಕೆ ಒಂದು ವಾರ, ಹತ್ತು ದಿನದಂಥ ಸಣ್ಣ ಅವಧಿ ಇಟ್ಟಿರುತ್ತವೆ. ಎಷ್ಟು ದಿನ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಆ ಅವಧಿಯಲ್ಲಿ ದೋಷ ಕಂಡರೆ ಸರ್ವಿಸ್ ಸೆಂಟರಿನವರು ಪರೀಕ್ಷೆ ಮಾಡಿ ಒಂದು ಪತ್ರ ಕೊಡುತ್ತಾರೆ. ಆ ಪತ್ರ ತೋರಿಸಿದರೆ ಅಂಗಡಿಯವರು ಹೊಸ ಪೀಸ್ ಕೊಡುತ್ತಾರೆ. ಅಂಗಡಿಯವರಿಗೂ ಇದರಿಂದ ನಷ್ಟ ಇಲ್ಲ, ಕಂಪನಿ ಅವರ ಲೆಕ್ಕಕ್ಕೆ ಜಮಾ ಮಾಡುತ್ತದೆ. ಆದ್ದರಿಂದ "ಸರ್ವಿಸ್ ಸೆಂಟರಿಗೆ ಹೋಗಿ" ಅಂತ ಹೇಳಿದರೆ ಜಗಳ ಮಾಡುವ ಮೊದಲು ಒಂದು ಪ್ರಶ್ನೆ ಕೇಳಬೇಕು: "ಡಿಒಎ ಪತ್ರ ತಂದರೆ ಬದಲಾಯಿಸಿ ಕೊಡ್ತೀರಾ? ಎಷ್ಟು ದಿನದೊಳಗೆ ತರಬೇಕು?" ಉತ್ತರ ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಈ ಅವಧಿ ತಪ್ಪಿದರೆ ಕೇಸು ವಾರಂಟಿ ರಿಪೇರಿಗೆ ತಿರುಗುತ್ತದೆ. ಪಾರ್ಟ್ ಬಂದಿಲ್ಲ, ಮೇಲಿನಿಂದ ಅಪ್ರೂವಲ್ ಬಂದಿಲ್ಲ ಅಂತ ದಿನ ಹೋಗುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ತಂದ ಮೊದಲ ಎರಡು ದಿನದಲ್ಲೇ ಎಲ್ಲವನ್ನೂ ಪರೀಕ್ಷೆ ಮಾಡಬೇಕು:

- ಡಬ್ಬಿ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಬೇಕು. ಸೀಲ್ ಸರಿಯಾಗಿ ಕಾಣಬೇಕು.
- ಡಬ್ಬಿಯ ಮೇಲಿನ ಸೀರಿಯಲ್ ನಂಬರ್, ಯಂತ್ರದ ಅಡಿಯ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಇದೆಯಾ ನೋಡಬೇಕು.
- ಆ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಯಾವತ್ತಿನಿಂದ ಶುರು ಅಂತ ಕಾಣುತ್ತದೆ. ನಿನ್ನೆ ಕೊಂಡದ್ದಕ್ಕೆ ಆರು ತಿಂಗಳ ಹಿಂದಿನ ದಿನಾಂಕ ತೋರಿಸಿದರೆ ಕೂಡಲೇ ಅಂಗಡಿಯವರನ್ನು ಕೇಳಬೇಕು.
- ಕ್ಯಾಮರಾ, ಮೈಕ್, ಸ್ಪೀಕರ್, ವೈಫೈ, ಎಲ್ಲ ಯುಎಸ್‌ಬಿ ಕಿಂಡಿಗಳು, ಎಲ್ಲ ಕೀಲಿಗಳು - ಒಂದೊಂದಾಗಿ ನೋಡಬೇಕು. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿದರೆ ಪರದೆಯ ಚುಕ್ಕಿ ಕಾಣುತ್ತವೆ.
- ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಎಷ್ಟು ಹೊತ್ತು ಬರುತ್ತದೆ ಅಂತ ಬರೆದಿಡಬೇಕು. ವಿಂಡೋಸಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ವ್ಯವಸ್ಥೆಯೂ ಇದೆ. ಎಷ್ಟು ಸಲ ಚಾರ್ಜ್ ಆಗಿದೆ ಎಂಬುದು ಅದರಲ್ಲಿ ಸಿಗುತ್ತದೆ.
- ಡಬ್ಬಿ, ಥರ್ಮಾಕೋಲ್, ಚೀಲ, ಕೇಬಲ್ ಯಾವುದನ್ನೂ ಬಿಸಾಡಬಾರದು. ಬದಲಾಯಿಸುವಾಗ ಎಲ್ಲ ಕೇಳುತ್ತಾರೆ. ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಇರುತ್ತದೆ. ಮುಂದೆ ದೂರು ಕೊಡುವಾಗ ಅದೇ ವಿಳಾಸ ಬೇಕಾಗುತ್ತದೆ.

ಕೌಂಟರಿನಲ್ಲಿ ಕೇಳಿಬರುವ ಮಾತುಗಳು

"ನಾವು ಡೀಲರ್ ಅಷ್ಟೇ, ಕಂಪನಿಯನ್ನು ಕೇಳಿ." ಮಾರಾಟದ ಒಪ್ಪಂದ ಆದದ್ದು ಅಂಗಡಿಯ ಜೊತೆ. ದೂರು ಕೊಡುವಾಗ ಅಂಗಡಿ, ತಯಾರಕರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬಹುದು. ಯಾರು ಎಷ್ಟು ಹೊರಬೇಕು ಎಂಬುದನ್ನು ಗ್ರಾಹಕ ಆಯೋಗ ನೋಡಿಕೊಳ್ಳುತ್ತದೆ.

"ವೋಲ್ಟೇಜ್ ಹೆಚ್ಚು ಕಮ್ಮಿ ಆಗಿ ಸುಟ್ಟಿದೆ." ಹಳ್ಳಿಯಿಂದ ಬಂದವರಿಗೆ ಈ ಮಾತು ಸುಲಭವಾಗಿ ಹೇಳಿಬಿಡುತ್ತಾರೆ. ಹಾಗಾದರೆ ಯಾವ ಭಾಗ ಸುಟ್ಟಿದೆ, ಅದು ಹೇಗೆ ಗೊತ್ತಾಯಿತು ಅಂತ ಜಾಬ್ ಶೀಟಿನಲ್ಲಿ ಬರೆದು, ಫೋಟೋ ಕೊಡಲು ಕೇಳಬೇಕು.

"ಬಿಲ್ ಆಗಿದೆ, ಜಿಎಸ್‌ಟಿ ಕಟ್ಟಿ ಆಗಿದೆ, ಇನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ." ಇದು ಸರಿಯಲ್ಲ. ಸರಕು ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಾಕಿ ತೆರಿಗೆ ಹೊಂದಿಸಿಕೊಳ್ಳಲು ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ನಿನಲ್ಲೇ ಅವಕಾಶ ಇದೆ. ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಹಾಕುವುದರೊಳಗೆ, ಯಾವುದು ಮೊದಲೋ ಅದರೊಳಗೆ ಅದನ್ನು ತೋರಿಸಿದರೆ ಆಯ್ತು. ಐದನೇ ದಿನ ಬಂದ ಗಿರಾಕಿಗೆ ತೆರಿಗೆಯ ನೆಪ ಹೇಳುವ ಅಗತ್ಯವೇ ಇಲ್ಲ.

"ಬಿಲ್ ಇಲ್ಲದೆ ತಗೊಂಡ್ರೆ ಮೂರು ಸಾವಿರ ಕಮ್ಮಿ." ಇದು ಕೊಳ್ಳುವಾಗ ಕೇಳಿಬರುವ ಮಾತು. ಆ ಮೂರು ಸಾವಿರದ ಆಸೆಗೆ ಬಿಲ್ ಬಿಟ್ಟರೆ ಮುಂದಿನ ಯಾವ ಹೆಜ್ಜೆಗೂ ನೆಲ ಸಿಗುವುದಿಲ್ಲ.

ವ್ಯಾಪಾರಸ್ಥರ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಮಗನ ಓದಿಗೆ ಅಂತ ಕೊಂಡ ಲ್ಯಾಪ್‌ಟಾಪಿಗೆ ಅಂಗಡಿಯ ಜಿಎಸ್‌ಟಿ ನಂಬರ್ ಕೊಟ್ಟು, ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳೋಣ ಅಂತ ಯೋಚಿಸುವವರಿದ್ದಾರೆ. ಅದು ತಪ್ಪು ಲೆಕ್ಕ ಮಾತ್ರ ಅಲ್ಲ. ನಾಳೆ ದೂರು ಕೊಟ್ಟಾಗ "ಇದು ವಾಣಿಜ್ಯ ಉದ್ದೇಶಕ್ಕೆ ಕೊಂಡದ್ದು, ಇವರು ಗ್ರಾಹಕರೇ ಅಲ್ಲ" ಅಂತ ಎದುರಿನವರು ವಾದ ಮಾಡಲು ಅದೇ ಬಿಲ್ ಸಾಕು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲಿಕ್ಕೆ ಮಾತ್ರ ಬಳಸುವ ವಸ್ತುವಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ ನಿಜ. ಆದರೆ ಓದಿಗೆ ಕೊಂಡದ್ದನ್ನು ಓದುವವರ ಹೆಸರಿನಲ್ಲೋ ತಂದೆ ತಾಯಿಯ ಹೆಸರಿನಲ್ಲೋ ಕೊಳ್ಳುವುದೇ ನೇರ ದಾರಿ.

ಜಾಬ್ ಶೀಟ್ ಇಲ್ಲದೆ ಯಂತ್ರ ಕೊಡಬಾರದು

"ಇಟ್ಟು ಹೋಗಿ, ನೋಡ್ತೇವೆ" ಅಂತ ಹೇಳಿದರೆ ಬರೀ ಕೈಯಲ್ಲಿ ಬರಬಾರದು. ಕೊಟ್ಟ ದಿನಾಂಕ, ಸೀರಿಯಲ್ ನಂಬರ್, ಏನು ತೊಂದರೆ, ಹೊರಗಿನಿಂದ ಯಂತ್ರ ಹೇಗಿದೆ ಎಂಬ ನಾಲ್ಕೂ ಇರುವ ಜಾಬ್ ಶೀಟ್ ತೆಗೆದುಕೊಳ್ಳಬೇಕು. ರಿಪೇರಿ ಆಗಿ ವಾಪಸ್ ಬಂದಾಗ ಯಾವ ಭಾಗ ಬದಲಾಯಿಸಿದರು ಎಂಬುದೂ ಬರಹದಲ್ಲಿ ಬೇಕು. ಒಂದೇ ತೊಂದರೆಗೆ ಮೂರು ಜಾಬ್ ಶೀಟ್ ಇದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಹುಡುಕುವುದು ಕಷ್ಟ.

ಕೊಡುವ ಮೊದಲು ಫೋಟೋ, ನೋಟ್ಸ್ ಎಲ್ಲ ಬೇರೆ ಕಡೆ ಉಳಿಸಿಕೊಂಡು, ಖಾತೆಗಳಿಂದ ಹೊರಬರಬೇಕು. ಬ್ಯಾಂಕಿನ ಪಾಸ್‌ವರ್ಡ್ ಉಳಿಸಿಟ್ಟ ಯಂತ್ರವನ್ನು ಹಾಗೇ ಕೊಡಬಾರದು.

ಬರಹದಲ್ಲಿ ಕೇಳುವುದು

ಬಾಯಿಮಾತಿಗೆ ಕೆಲಸ ಆಗದಿದ್ದರೆ ಅಂಗಡಿಗೆ ಒಂದು, ಕಂಪನಿಗೆ ಒಂದು ಪತ್ರ ಕಳಿಸಬೇಕು. ವಕೀಲರ ನೋಟಿಸೇ ಆಗಬೇಕೆಂದಿಲ್ಲ. ಇಮೇಲ್ ಮಾಡಿ, ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ ರಸೀದಿ ಇಟ್ಟುಕೊಂಡರೆ ಸಾಕು. ಬಳ್ಳಾರಿಯ ಅಂಗಡಿಗೆ ಕನ್ನಡದಲ್ಲೇ ಬರೆಯಬಹುದು:

"ಮಾನ್ಯರೇ, ತಾರೀಕು ____ರಂದು ನಿಮ್ಮ ಅಂಗಡಿಯಿಂದ ಬಿಲ್ ನಂಬರ್ ____ರ ಮೂಲಕ ____ ರೂಪಾಯಿ ಕೊಟ್ಟು ಲ್ಯಾಪ್‌ಟಾಪ್ ಕೊಂಡಿರುತ್ತೇನೆ. ಸೀರಿಯಲ್ ನಂಬರ್ ____. ತಾರೀಕು ____ರಿಂದ ಅದು ಆನ್ ಆಗುತ್ತಿಲ್ಲ. ತಾರೀಕು ____ರಂದು ನಿಮ್ಮ ಅಂಗಡಿಗೆ ಬಂದು ತಿಳಿಸಿದ್ದೇನೆ. ಸರ್ವಿಸ್ ಸೆಂಟರಿನ ಜಾಬ್ ಶೀಟ್ ನಂಬರ್ ____. ಈ ಪತ್ರ ತಲುಪಿದ 15 ದಿನದೊಳಗೆ ಇದೇ ಮಾದರಿಯ ಹೊಸ ಲ್ಯಾಪ್‌ಟಾಪ್ ಕೊಡಬೇಕು ಅಥವಾ ಪೂರ್ತಿ ಹಣ ಹಿಂತಿರುಗಿಸಬೇಕು. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡುತ್ತೇನೆ."

ಇಷ್ಟೇ ಸಾಕು. ಬೈಗುಳ, ಬೆದರಿಕೆ, ಫೇಸ್‌ಬುಕ್ಕಿನಲ್ಲಿ ಹಾಕ್ತೇನೆ ಎಂಬ ಮಾತು ಏನೂ ಬೇಡ. ಈ ಪತ್ರವನ್ನು ನಾಳೆ ಮೂರನೆಯವರು ಓದುತ್ತಾರೆ ಅಂತ ನೆನಪಿಟ್ಟು ಬರೆಯಬೇಕು.

1915ಕ್ಕೆ ಒಂದು ಕರೆ

ಪತ್ರಕ್ಕೂ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ನಂಬರ್ 1915. ಕನ್ನಡ, ತೆಲುಗು ಎರಡರಲ್ಲೂ ಮಾತಾಡಬಹುದು. ಕರೆ ಮಾಡಿದವರಿಗೆ ಒಂದು ದೂರು ಸಂಖ್ಯೆ ಸಿಗುತ್ತದೆ, ಅವರು ಅದನ್ನು ಕಂಪನಿಗೆ ಕಳಿಸುತ್ತಾರೆ. ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರ ಇಲ್ಲ. ಆದರೆ ಕೌಂಟರಿನಲ್ಲಿ ನಿಂತುಹೋದ ಮಾತು ಅಲ್ಲಿಂದ ಕಂಪನಿಯ ಮೇಲಿನವರಿಗೆ ತಲುಪುತ್ತದೆ. ಖರ್ಚಿಲ್ಲದ ಕೆಲಸ, ಆಯೋಗಕ್ಕೆ ಹೋಗುವ ಮೊದಲು ಮಾಡಿ ನೋಡುವುದು ಲಾಭ.

ದೂರು ಎಲ್ಲಿ ಕೊಡಬೇಕು?

ಹಳೆಯ 1986ರ ಕಾಯ್ದೆಯಲ್ಲಿ ಎದುರಿನವರ ವಾಸ ಅಥವಾ ವ್ಯಾಪಾರ ಎಲ್ಲಿದೆಯೋ, ಇಲ್ಲಾ ತಕರಾರಿನ ಕಾರಣ ಎಲ್ಲಿ ಹುಟ್ಟಿತೋ ಅಲ್ಲಿ ಕೇಸು ಹಾಕಬೇಕಿತ್ತು. ಬಳ್ಳಾರಿಯಲ್ಲಿ ಕೊಂಡ ಪೆದ್ದಕಡುಬೂರಿನವರು ಸಾಮಾನ್ಯವಾಗಿ ಬಳ್ಳಾರಿಗೇ ಅಲೆಯಬೇಕಾಗುತ್ತಿತ್ತು. ಪ್ರತಿ ತಾರೀಕಿಗೂ ಒಂದು ದಿನದ ಕೂಲಿ, ಬಸ್ ಚಾರ್ಜು, ಹೋಟೆಲ್ ಊಟ. ಲ್ಯಾಪ್‌ಟಾಪಿನ ಬೆಲೆಗಿಂತ ಅಲೆದಾಟದ ಖರ್ಚೇ ದೊಡ್ಡದಾಗಿ ಕಾಣುತ್ತಿತ್ತು.

2019ರ ಕಾಯ್ದೆಯ 34ನೇ ಸೆಕ್ಷನ್ ಇದನ್ನು ಬದಲಾಯಿಸಿತು. ದೂರುದಾರರು ವಾಸ ಇರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೂ ದೂರು ಕೊಡಬಹುದು. ರಾಜ್ಯದ ಗಡಿ ಇದಕ್ಕೆ ಅಡ್ಡಿಯಲ್ಲ. ಪೆದ್ದಕಡುಬೂರಿನವರಿಗೆ ಅದು ಕರ್ನೂಲಿನ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಬಿಲ್ಲಿನಲ್ಲಿ "ತಕರಾರುಗಳಿಗೆ ಬಳ್ಳಾರಿ ನ್ಯಾಯಾಲಯ ಮಾತ್ರ" ಅಂತ ಅಚ್ಚಾಗಿದ್ದರೂ ಹೆದರಿ ಹಿಂದೆ ಸರಿಯಬೇಕಿಲ್ಲ. ಕಾಯ್ದೆಯೇ ಕೊಟ್ಟ ಹಕ್ಕು ಇದು ಅಂತ ಹೇಳಿ ದೂರು ಕೊಡಬಹುದು.

ಮೊತ್ತದ ಲೆಕ್ಕವೂ ಸುಲಭ. 2021ರ ಡಿಸೆಂಬರಿನಲ್ಲಿ ಬಂದ ನಿಯಮದ ಪ್ರಕಾರ, ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ಲ್ಯಾಪ್‌ಟಾಪ್ ಸಾಮಾನ್ಯವಾಗಿ ಇದರೊಳಗೇ ಬರುತ್ತದೆ. ವಕೀಲರೇ ಬೇಕೆಂದಿಲ್ಲ, ಸ್ವತಃ ದೂರು ಕೊಡಬಹುದು. ವಕೀಲರ ಸಹಾಯ ಬೇಕಾದವರು, ಅದರಲ್ಲೂ ಹೆಣ್ಣುಮಕ್ಕಳು ಮತ್ತು ಪರಿಶಿಷ್ಟ ಜಾತಿ, ಪಂಗಡದವರು, ಕಾನೂನು ಸೇವಾ ಪ್ರಾಧಿಕಾರದ 15100 ನಂಬರಿಗೆ ಕರೆ ಮಾಡಿ ಉಚಿತ ನೆರವು ಕೇಳಬಹುದು.

ಕರ್ನೂಲಿಗೂ ಹೋಗದೆ ಆನ್‌ಲೈನಿನಲ್ಲೇ ದೂರು ದಾಖಲಿಸಬಹುದು. 2020ರಲ್ಲಿ ಇ-ದಾಖಿಲ್ ಅಂತ ವ್ಯವಸ್ಥೆ ಬಂತು, 2025ರ ಜನವರಿಯಿಂದ ಇ-ಜಾಗೃತಿ ಎಂಬ ಹೊಸ ಪೋರ್ಟಲ್ ಇದೆ. ದಿನಾಂಕವಾರು ನಡೆದ ಸಂಗತಿ, ಬಿಲ್, ವಾರಂಟಿ ಕಾರ್ಡ್, ಜಾಬ್ ಶೀಟ್, ಪತ್ರ ಮತ್ತು ಅಂಚೆ ರಸೀದಿ, 1915ರ ದೂರು ಸಂಖ್ಯೆ, ಒಂದು ಅಫಿಡವಿಟ್ - ಇವಿಷ್ಟು ಸಿದ್ಧ ಇರಬೇಕು. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅಥವಾ ತೆಲುಗು ಅನುವಾದ ಜೊತೆಗಿಟ್ಟರೆ ಒಳ್ಳೆಯದು. ವಿಚಾರಣೆಗೆ ವಿಡಿಯೋ ಮೂಲಕ ಹಾಜರಾಗಲು ಅನುಮತಿ ಕೇಳುವ ಅವಕಾಶವೂ ಕಾಯ್ದೆಯಲ್ಲಿದೆ. ತಕರಾರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು ಎಂಬುದನ್ನು ಮರೆಯಬಾರದು.

ಏನು ಸಿಗಬಹುದು, ಏನು ಸಿಗಲಿಕ್ಕಿಲ್ಲ

39ನೇ ಸೆಕ್ಷನ್ ಪ್ರಕಾರ ಆಯೋಗ ದೋಷ ಸರಿಪಡಿಸಲು, ವಸ್ತು ಬದಲಾಯಿಸಲು, ಬಡ್ಡಿ ಸಮೇತ ಹಣ ಹಿಂತಿರುಗಿಸಲು, ನಷ್ಟಕ್ಕೆ ಪರಿಹಾರ ಮತ್ತು ಖರ್ಚು ಕೊಡಲು ಆದೇಶ ಮಾಡಬಹುದು. ಆದೇಶ ಪಾಲಿಸದವರಿಗೆ 72ನೇ ಸೆಕ್ಷನ್ನಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಆದರೆ ಒಂದು ಸ್ಕ್ರೂ ಸಡಿಲ ಆದ ಕೂಡಲೇ ಹೊಸ ಲ್ಯಾಪ್‌ಟಾಪ್ ಸಿಗುತ್ತದೆ ಅಂತ ಯಾರೂ ತಿಳಿಯಬಾರದು. ಮಾರುತಿ ಉದ್ಯೋಗ್ ಕಂಪನಿಯ ಒಂದು ಕಾರಿನ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ದೋಷ ಇರುವ ಭಾಗವನ್ನು ಬದಲಾಯಿಸುವ ಮಾತಿದ್ದರೆ ಇಡೀ ಕಾರನ್ನೇ ಬದಲಾಯಿಸಲು ಹೇಳುವುದು ಸರಿಯಲ್ಲ ಅಂತ ತೀರ್ಪು ಕೊಟ್ಟಿದೆ. ಲ್ಯಾಪ್‌ಟಾಪಿನಲ್ಲೂ ಕಂಪನಿಗಳು ಇದೇ ವಾದ ಮುಂದಿಡಬಹುದು. ಅದಕ್ಕೇ ಮೊದಲ ವಾರದ ದೋಷ, ಒಂದೇ ತೊಂದರೆಗೆ ಮತ್ತೆ ಮತ್ತೆ ಆದ ರಿಪೇರಿ, ವಾಪಸ್ ಕೊಡದೆ ಇಟ್ಟುಕೊಂಡ ದಿನಗಳು ಇವೆಲ್ಲ ಕಾಗದದಲ್ಲಿ ಇರಬೇಕು. ದೂರಿನಲ್ಲೂ "ಬದಲಾಯಿಸಿ, ಆಗದಿದ್ದರೆ ಹಣ ಕೊಡಿ, ಅದೂ ಆಗದಿದ್ದರೆ ಉಚಿತವಾಗಿ ಪೂರ್ತಿ ಸರಿಪಡಿಸಿ ಪರಿಹಾರ ಕೊಡಿ" ಅಂತ ಮೆಟ್ಟಿಲು ಮೆಟ್ಟಿಲಾಗಿ ಕೇಳುವುದು ಜಾಣತನ. ನೋಡಿದ ಮಾತ್ರಕ್ಕೆ ಗೊತ್ತಾಗದ ದೋಷವಾದರೆ ಆಯೋಗ ಯಂತ್ರವನ್ನು ಪರೀಕ್ಷೆಗೆ ಕಳಿಸಬಹುದು. ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ.

ಎದುರಿನವರಿಗೆ ನೋಟಿಸ್ ತಲುಪಿದ ಮೇಲೆ 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನ ಮಾಡಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಇನ್ನೂ ಹೆಚ್ಚು ಸಮಯ ಹಿಡಿಯುವುದುಂಟು. ಮಧ್ಯಸ್ಥಿಕೆಯ ಅವಕಾಶವೂ ಇದೆ. ಎರಡೂ ಕಡೆಯವರು ಒಪ್ಪಿದರೆ ಬೇಗ ಮುಗಿಯುತ್ತದೆ.

ಆನ್‌ಲೈನಿನಲ್ಲಿ ಕೊಂಡಿದ್ದರೆ

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷ ಇರುವ, ನಕಲಿಯಾದ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಪ್ರತಿ ತಾಣವೂ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು. ಅವರು ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ್ಯಪಿನ ಚಾಟ್‌ನಲ್ಲಿ ಸುತ್ತಾಡುವುದಕ್ಕಿಂತ ಆ ಅಧಿಕಾರಿಗೆ ನೇರವಾಗಿ ಇಮೇಲ್ ಮಾಡುವುದು ಒಳ್ಳೆಯದು.

ಕಂತು ನಿಲ್ಲಿಸಬಹುದಾ?

ಹಾಳಾದ ವಸ್ತುವಿಗೆ ಯಾಕೆ ಕಂತು ಕಟ್ಟಬೇಕು ಅಂತ ಸಿಟ್ಟು ಬರುವುದು ಸಹಜ. ಆದರೆ ಸಾಲದ ಒಪ್ಪಂದ ಫೈನಾನ್ಸ್ ಕಂಪನಿಯ ಜೊತೆ ಆದದ್ದು. ಕಂತು ತಪ್ಪಿದರೆ ದಂಡ ಬೀಳುತ್ತದೆ, ಕ್ರೆಡಿಟ್ ಸ್ಕೋರ್ ಇಳಿಯುತ್ತದೆ, ನಾಳೆ ಮಗನ ಶಿಕ್ಷಣ ಸಾಲಕ್ಕೂ ಅದು ತೊಡಕಾಗಬಹುದು. ಕಂತು ಕಟ್ಟುತ್ತಲೇ ಫೈನಾನ್ಸ್ ಕಂಪನಿಗೂ ವಿಷಯ ಬರೆದು ತಿಳಿಸಬೇಕು. ಕಟ್ಟಿದ ಬಡ್ಡಿಯನ್ನು ದೂರಿನಲ್ಲಿ ನಷ್ಟ ಅಂತ ತೋರಿಸಿ ಕೇಳಬಹುದು.

ಅಂಗಡಿ ಇಟ್ಟವರಿಗೂ ಎರಡು ಮಾತು

ಈ ಪೋರ್ಟಲಿನ ಓದುಗರಲ್ಲಿ ಕೌಂಟರಿನ ಒಳಗಡೆ ನಿಲ್ಲುವವರೂ ಬಹಳ. ಸಣ್ಣ ಅಂಗಡಿಯವರಿಗೆ ಒಂದು ಲ್ಯಾಪ್‌ಟಾಪಿನಲ್ಲಿ ಉಳಿಯುವ ಲಾಭ ಕಡಿಮೆ. ಕಂಪನಿ ಕೈಚೆಲ್ಲಿದರೆ ಗಿರಾಕಿಯ ಸಿಟ್ಟು ಬೀಳುವುದು ಅವರ ಮೇಲೇ. ಹಾಗಾಗಿ ಡಿಸ್ಟ್ರಿಬ್ಯೂಟರಿನಿಂದ ಮಾಲು ತರುವಾಗಲೇ ಡಿಒಎ ಷರತ್ತು ಏನು, ಎಷ್ಟು ದಿನ, ಯಾರ ಸಹಿ ಬೇಕು ಅಂತ ಬರಹದಲ್ಲಿ ತೆಗೆದುಕೊಳ್ಳುವುದು ಅವರಿಗೂ ರಕ್ಷಣೆ. ಗಿರಾಕಿ ಬಂದ ದಿನವೇ ಯಂತ್ರ ಪಡೆದು, ರಸೀದಿ ಕೊಟ್ಟು, ಕಂಪನಿಗೆ ಇಮೇಲ್ ಹಾಕಿದ ಅಂಗಡಿಯವರಿಗೆ ಆಯೋಗದ ಮುಂದೆ ಹೇಳಲು ಒಂದು ಮಾತಾದರೂ ಇರುತ್ತದೆ. "ನಮಗೆ ಸಂಬಂಧ ಇಲ್ಲ" ಅಂತ ಕಳಿಸಿದವರಿಗೆ ಅದೂ ಇರುವುದಿಲ್ಲ.

ಪೆದ್ದಕಡುಬೂರಿನ ಆ ಹುಡುಗನಿಗೆ ಬೇಕಾಗಿರುವುದು ಕೇಸು ಗೆಲ್ಲುವುದಲ್ಲ, ಮುಂದಿನ ಸೋಮವಾರ ಕಾಲೇಜಿಗೆ ಒಯ್ಯಲು ಒಂದು ಸರಿಯಾದ ಲ್ಯಾಪ್‌ಟಾಪ್. ಐದನೇ ದಿನ ಕೌಂಟರಿನಲ್ಲಿ ಡಿಒಎ ಪತ್ರದ ಮಾತು ಎತ್ತಿದ್ದರೆ ಬಹುಶಃ ಅದು ಅಲ್ಲೇ ಮುಗಿಯುತ್ತಿತ್ತು. ಮುಗಿಯದಿದ್ದರೂ ಬಿಲ್, ಡಬ್ಬಿ, ಜಾಬ್ ಶೀಟ್ ಮೂರೂ ಮನೆಯಲ್ಲಿದ್ದರೆ ಅಪ್ಪ ಮತ್ತೆ ಮತ್ತೆ ಬಳ್ಳಾರಿ ಬಸ್ಸು ಹತ್ತಬೇಕಾಗಿಲ್ಲ. ದೂರು ಕರ್ನೂಲಿನಲ್ಲಿ ದಾಖಲಾಗುತ್ತದೆ, ಉತ್ತರ ಕೊಡಲು ಅಂಗಡಿಯವರು ಅಲ್ಲಿಗೆ ಬರಬೇಕಾಗುತ್ತದೆ.